ತಿಂಗಳ ಕಡತ, ಕ್ಷಣದ ಬೀಗ: ಹಚ್ಚೊಳ್ಳಿಯ ಪಹಣಿಯ ಮೂಲಕ ಡೇಟಾಬೇಸ್ ಸೆಷನ್ನಿನ ಚರಿತ್ರೆ

ಸಿರುಗುಪ್ಪ ತಾಲ್ಲೂಕಿನ ಹಚ್ಚೊಳ್ಳಿಯಲ್ಲಿ ರೈತನೊಬ್ಬ ಹೊಲ ಕೊಂಡನೆನ್ನಿ. ಜಮೀನಿನ ಹಕ್ಕುದಾಖಲೆಯಾದ ಪಹಣಿಯಲ್ಲಿ ಅವನ ಹೆಸರು ಕೂರಬೇಕಾದರೆ ಅರ್ಜಿ ದಾಖಲಾಗಬೇಕು, ನೋಟಿಸು ಹೊರಡಬೇಕು, ತಕರಾರಿನ ಅವಧಿ ಕಳೆಯಬೇಕು, ಅಂತಿಮ ಅನುಮೋದನೆ ಆಗಬೇಕು. ರೈತನ ಪಾಲಿಗೆ ಇದು ಒಂದೇ ಕೆಲಸ. ಕಂಪ್ಯೂಟರಿಗೆ ಮಾತ್ರ ಒಂದಕ್ಕೊಂದು ಗುರುತಿಲ್ಲದ ಹತ್ತಾರು ಕೋರಿಕೆಗಳು. ಎರಡು ಕೋರಿಕೆಗಳ ನಡುವಿನ ಬಿಡುವಿನಲ್ಲಿ ದಾಖಲೆ ಯಾರ ಕೈಯಲ್ಲಿರಬೇಕು? ವೆಬ್ ತಂತ್ರಜ್ಞರು ಸೆಷನ್ ನಿರ್ವಹಣೆ ಎನ್ನುವ ಈ ಪ್ರಶ್ನೆ ಅವರಿಗಿಂತ ಬಹಳ ಹಳೆಯದು.

ಹಚ್ಚೊಳ್ಳಿ ಇರುವ ಬಳ್ಳಾರಿ ಸೀಮೆ 1953ರ ಅಕ್ಟೋಬರ್ 1ರವರೆಗೆ ಮದ್ರಾಸ್ ಆಡಳಿತದ ಹಿಡಿತದಲ್ಲಿತ್ತು. 1800ರಿಂದ 1807ರವರೆಗೆ ಇಲ್ಲಿ ಪ್ರಧಾನ ಕಲೆಕ್ಟರನಾಗಿದ್ದ ಥಾಮಸ್ ಮನ್ರೊ, ರೈತನಿಂದಲೇ ನೇರವಾಗಿ ಕಂದಾಯ ಪಡೆಯುವ ರೈತವಾರಿ ಪದ್ಧತಿಯನ್ನು ಬೇರೂರಿಸಿದ. ಊರಿನ ಲೆಕ್ಕಿಗನಾದ ಕರಣಂ, ಹೊಲ-ಬೆಳೆಗಳ ಪುಸ್ತಕವಾದ ಅಡಂಗಲ್ ಬರೆಯುತ್ತಿದ್ದ. ಮೇಲಿನವರು ವರ್ಷಕ್ಕೊಮ್ಮೆ ಜಮಾಬಂದಿಯಲ್ಲಿ ಲೆಕ್ಕ ತಾಳೆ ನೋಡುತ್ತಿದ್ದರು. ಇಂದಿನ ಭಾಷೆಯಲ್ಲಿ ಹೇಳುವುದಾದರೆ ವರ್ಷವಿಡೀ ತೆರೆದೇ ಇದ್ದ ಸೆಷನ್ ಅದು: ದಫ್ತರ ಒಂದೇ, ಅದನ್ನು ಮುಟ್ಟುವ ಕೈಯೂ ಒಂದೇ. ಗೊಂದಲ ಕಡಿಮೆ, ಕರಣಂನ ಕೃಪೆಗೆ ಕಾಯುವುದು ಜಾಸ್ತಿ. ವಂಶಪಾರಂಪರ್ಯದ ಗ್ರಾಮಾಧಿಕಾರವನ್ನು 1961ರ ಕಾಯ್ದೆ ತೆಗೆದುಹಾಕಿತು. ಪುಸ್ತಕ ಒಬ್ಬರ ಕೈಯಲ್ಲೇ ಇರುವ ಪದ್ಧತಿ ಮಾತ್ರ ಅಷ್ಟು ಸುಲಭಕ್ಕೆ ಹೋಗಲಿಲ್ಲ.

ಡೇಟಾಬೇಸ್ ಲೋಕವೂ ಮೊದಲು ಕರಣಂನ ದಾರಿಯನ್ನೇ ಹಿಡಿದಿತ್ತು: ಕೆಲಸ ಮುಗಿಯುವವರೆಗೆ ಬೇರೆಯವರು ಮುಟ್ಟದಂತೆ ದಾಖಲೆಗೆ ಬೀಗ. ದಿನಗಟ್ಟಲೆ ಎಳೆಯುವ ವ್ಯವಹಾರಕ್ಕೆ ಈ ಬೀಗ ಒಗ್ಗದೆಂದು ಕಂಪ್ಯೂಟರ್ ವಿಜ್ಞಾನಿ ಜಿಮ್ ಗ್ರೇ 1981ರಲ್ಲೇ ಗುರುತಿಸಿದರು. ಅದೇ ವರ್ಷ ಕುಂಗ್ ಮತ್ತು ರಾಬಿನ್ಸನ್ ಇನ್ನೊಂದು ದಾರಿ ತೋರಿಸಿದರು: ಬೀಗ ಬೇಡ, ಬರೆಯುವ ಹೊತ್ತಿಗೆ ನಡುವೆ ಬೇರೆ ಯಾರಾದರೂ ಬದಲಿಸಿದ್ದಾರೆಯೇ ಎಂದು ನೋಡಿದರೆ ಸಾಕು. 1987ರಲ್ಲಿ ಗಾರ್ಸಿಯಾ ಮೊಲಿನಾ ಮತ್ತು ಸೇಲಂ ಉದ್ದನೆಯ ವ್ಯವಹಾರವನ್ನು ತುಂಡು ಮಾಡಿ, ಪ್ರತಿ ತುಂಡಿಗೂ ಅದನ್ನು ಸರಿದೂಗಿಸುವ ಒಂದು ಮರುಕ್ರಿಯೆಯನ್ನು ಜೋಡಿಸಿದರು. ಅದಕ್ಕೆ ‘ಸಾಗಾ’ ಎಂದು ಹೆಸರಿಟ್ಟರು. ವೆಬ್ ಬಂದಾಗ ಎಚ್‌ಟಿಟಿಪಿಗೆ ನೆನಪೇ ಇರಲಿಲ್ಲ. 1994ರಲ್ಲಿ ನೆಟ್‌ಸ್ಕೇಪ್‌ನ ಲೂ ಮಾಂಟುಲಿ ರೂಪಿಸಿದ ಕುಕೀ ಬಂದವರ ಗುರುತನ್ನು ಇಟ್ಟುಕೊಂಡಿತು, ದಾಖಲೆಯ ಹೊಣೆಯನ್ನಲ್ಲ.

ಕರ್ನಾಟಕದಲ್ಲಿ ಈ ಚರಿತ್ರೆ ಕಣ್ಣಿಗೆ ಕಾಣುವುದು ‘ಭೂಮಿ’ ಯೋಜನೆಯಲ್ಲಿ. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ಮುಂದಾಳತ್ವದಲ್ಲಿ, 2000ದ ಆಸುಪಾಸಿನಲ್ಲಿ, 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳು 177 ತಾಲ್ಲೂಕು ಕೇಂದ್ರಗಳ ಕಂಪ್ಯೂಟರಿಗೆ ಏರಿದವು. ಆಗ ಪ್ರತಿಗೆ 15 ರೂಪಾಯಿ ಇತ್ತು. ಅಧಿಕಾರಿ ಬೆರಳಚ್ಚು ಒತ್ತಿ ಒಳಹೋಗಬೇಕಿತ್ತು. ಹಕ್ಕು ಬದಲಾವಣೆಯ ಅರ್ಜಿಗಳಿಗೆ ಮೊದಲು ಬಂದದ್ದಕ್ಕೆ ಮೊದಲ ಸರದಿ ಇತ್ತು. ನನಗೆ ಮುಖ್ಯವೆನಿಸುವುದು ಬೇರೆಯದೇ ಒಂದು ಸಂಗತಿ. ಆಗ ತಕರಾರಿಗೆ 30 ದಿನವಿತ್ತು. ಅಷ್ಟೂ ದಿನ ಪಹಣಿ ಹಾಗೇ ಇರುತ್ತಿತ್ತು. ಅರ್ಜಿ ಬೇರೆ ಕಡತವಾಗಿ ಮೇಜಿನಿಂದ ಮೇಜಿಗೆ ನಡೆಯುತ್ತಿತ್ತು. ಅಂತಿಮ ಅನುಮೋದನೆಯಾದಾಗಲೇ ಪಹಣಿಗೆ ಕೈ. ಬಾಕಿ ಇರುವುದನ್ನು ಸರ್ವರಿನ ನೆನಪಿನಲ್ಲಿ ತೂಗುಹಾಕದೆ ದಾಖಲೆಯಾಗಿಯೇ ಬರೆದಿಡುವ ಈ ವಿವೇಕ ತಂತ್ರಜ್ಞಾನದ್ದಲ್ಲ, ಕಂದಾಯ ಕಾನೂನಿನದು.

ತಾಲ್ಲೂಕಿನ ಸರ್ವರಿಗೆ ನಾಲ್ಕು ಯಂತ್ರ ಜೋಡಿಸಿದ್ದಾಗ ಡೇಟಾಬೇಸ್ ಸಂಪರ್ಕವನ್ನು ತೆರೆದೇ ಇಟ್ಟರೂ ನಡೆದೀತು. ದತ್ತಾಂಶ ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರಕ್ಕೆ ಹೋಗಿ, ರಾಜ್ಯವೆಲ್ಲ ಅಲ್ಲಿಗೇ ಕೈಚಾಚಿದರೆ ಅದು ನಡೆಯದು. ಹಾಗಾಗಿ ವೆಬ್ ತಂತ್ರಾಂಶದಲ್ಲಿ ಪ್ರತಿ ಕೋರಿಕೆಯೂ ಸಂಪರ್ಕವನ್ನು ಕಡ ಪಡೆದು, ಕೆಲಸವಾದೊಡನೆ ಹಿಂತಿರುಗಿಸುತ್ತದೆ. ಗ್ಯಾವಿನ್ ಕಿಂಗ್ 2001ರಲ್ಲಿ ಆರಂಭಿಸಿದ, ಪ್ರೋಗ್ರಾಮನ್ನು ಡೇಟಾಬೇಸಿಗೆ ಬೆಸೆಯುವ ತಂತ್ರಾಂಶವಾದ ಹೈಬರ್ನೇಟ್‌ನ ಬಳಕೆದಾರರಲ್ಲಿ, ಪರದೆ ಪೂರ್ತಿ ಮೂಡುವವರೆಗೂ ಸೆಷನ್ ತೆರೆದಿಡುವ ರೂಢಿ ಬೆಳೆಯಿತು. ಅದರ ಬಗ್ಗೆ ವಾದ ಇನ್ನೂ ನಿಂತಿಲ್ಲ. ನನ್ನ ಒಲವು ಆವೃತ್ತಿ ಸಂಖ್ಯೆಯ ಕಡೆಗೆ: ಇಬ್ಬರು ಒಂದೇ ದಾಖಲೆಯ 7ನೇ ಆವೃತ್ತಿಯನ್ನು ತೆರೆದರು, ಮೊದಲಿಗ ಉಳಿಸಿದಾಗ ಅದು 8 ಆಯಿತು, ಎರಡನೆಯವ 7 ಹಿಡಿದು ಬಂದರೆ ಒಂದು ಸಾಲೂ ಬದಲಾಗದು, ಅವನು ಮತ್ತೆ ಓದಿಯೇ ಮುಂದುವರಿಯಬೇಕು. ಕರೆಂಟು ಹೋಗಿ ಸೆಷನ್ ಸತ್ತರೂ ಅರ್ಜಿ ಸಂಖ್ಯೆಗೆ ಸಾವಿಲ್ಲ.

ಸಾಗಾದ ಕಥೆ ಮಾತ್ರ ಇಲ್ಲಿ ಅರ್ಧಕ್ಕೇ ನಿಂತಿದೆ. ಕ್ರಯಪತ್ರ ದಾಖಲಾಗುವುದು ನೋಂದಣಿ ಇಲಾಖೆಯ ‘ಕಾವೇರಿ’ಯಲ್ಲಿ, ಹೆಸರು ಬದಲಾಗುವುದು ‘ಭೂಮಿ’ಯಲ್ಲಿ. ತಕರಾರು ಎದ್ದು ಭೂಮಿಯಲ್ಲಿ ಅರ್ಜಿ ವಜಾ ಆಯಿತೆನ್ನಿ: ಕಾವೇರಿಯ ನೋಂದಣಿ ತಾನಾಗಿ ರದ್ದಾಗದು. ಅದನ್ನು ಅಳಿಸುವ ಮರುಕ್ರಿಯೆ ಯಾವ ತಂತ್ರಾಂಶದಲ್ಲೂ ಇಲ್ಲ, ಅದಕ್ಕೆ ಸಾಮಾನ್ಯವಾಗಿ ಸಿವಿಲ್ ನ್ಯಾಯಾಲಯಕ್ಕೆ ಹೋಗಬೇಕು. ಅಲ್ಲಿಯವರೆಗೆ ಆ ಹೊಲ ಒಂದು ದಾಖಲೆಯಲ್ಲಿ ಕೊಂಡವನದು, ಇನ್ನೊಂದರಲ್ಲಿ ಮಾರಿದವನದು.