ಅನ್ವಯಿಕ ನೀತಿಶಾಸ್ತ್ರದ ಅರೆಕಾಲಿಕ ಸ್ನಾತಕೋತ್ತರ ಅಧ್ಯಯನ

ಅನ್ವಯಿಕ ನೀತಿಶಾಸ್ತ್ರ ತತ್ತ್ವಶಾಸ್ತ್ರದ ಒಂದು ಶಾಖೆ. ಬದುಕಿನಲ್ಲಿ ಎದುರಾಗುವ ನಿರ್ದಿಷ್ಟ ಪ್ರಶ್ನೆಗಳನ್ನು ಅದು ಸರಿ-ತಪ್ಪಿನ ನೆಲೆಯಿಂದ ವಿಚಾರಿಸುತ್ತದೆ. ಚೇತರಿಸಿಕೊಳ್ಳುವ ಭರವಸೆಯಿಲ್ಲದ ರೋಗಿಯ ಕೃತಕ ಉಸಿರಾಟವನ್ನು ನಿಲ್ಲಿಸಬಹುದೇ, ಪ್ರಾಣಿಗಳ ಮೇಲೆ ಔಷಧ ಪರೀಕ್ಷಿಸುವುದು ಸರಿಯೇ, ದೂರದ ದೇಶದ ಹಸಿವಿಗೆ ಉಳ್ಳವರು ಎಷ್ಟರ ಮಟ್ಟಿಗೆ ಹೊಣೆ ಎಂಬಂಥವು ಅದರ ವಿಷಯಗಳು. ಕೆಲಸದಲ್ಲಿರುವವರು ಕೆಲಸ ಬಿಡದೆ ಇದನ್ನು ಸ್ನಾತಕೋತ್ತರ ಮಟ್ಟದಲ್ಲಿ ಓದುವ ಕ್ರಮ ಕಳೆದ ಸುಮಾರು ನಾಲ್ಕು ದಶಕಗಳಲ್ಲಿ ನೆಲೆಗೊಂಡಿತು. ಅದರ ಬೇರುಗಳು ಮಾತ್ರ ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿವೆ.

ಆ ಕಾಲದ ಇಂಗ್ಲೆಂಡಿನಲ್ಲಿ ದುಡಿಯುವವರಿಗಾಗಿ ಸಂಜೆಯ ಶಿಕ್ಷಣ ಬೆಳೆಯುತ್ತಿತ್ತು. ಮುಂದೆ ಬರ್ಕ್‌ಬೆಕ್ ಎಂದು ಹೆಸರಾದ ಲಂಡನ್ ಮೆಕ್ಯಾನಿಕ್ಸ್ ಇನ್‌ಸ್ಟಿಟ್ಯೂಟ್ 1823ರಲ್ಲಿ ಸ್ಥಾಪನೆಯಾಯಿತು. 1873ರಲ್ಲಿ ಕೇಂಬ್ರಿಜ್, 1878ರಲ್ಲಿ ಆಕ್ಸ್‌ಫರ್ಡ್ ತಮ್ಮ ಗೋಡೆಗಳಾಚೆಯ ಊರುಗಳಲ್ಲಿ ವಿಸ್ತರಣಾ ಉಪನ್ಯಾಸಗಳನ್ನು ಶುರುಮಾಡಿದವು. ಇದರ ಜೊತೆಜೊತೆಗೆ ಧರ್ಮಪೀಠಗಳ ಆಶ್ರಯವಿಲ್ಲದೆ ನೀತಿಯನ್ನು ಚರ್ಚಿಸುವ ‘ನೀತಿ ಸಂಘ’ಗಳು ಹುಟ್ಟಿಕೊಂಡವು. ಫೀಲಿಕ್ಸ್ ಆ್ಯಡ್ಲರ್ ನ್ಯೂಯಾರ್ಕಿನಲ್ಲಿ 1876ರಲ್ಲಿ ಸ್ಥಾಪಿಸಿದ ಸಂಘ ಇವುಗಳಿಗೆ ಮಾದರಿಯಾಯಿತು. ಲಂಡನ್ನಿನ ಸಂಘ 1886ರಲ್ಲಿ, ಕೇಂಬ್ರಿಜಿನದು 1888ರಲ್ಲಿ ಆರಂಭವಾದವು. ಕೇಂಬ್ರಿಜಿನ ನೀತಿಶಾಸ್ತ್ರ ಪ್ರಾಧ್ಯಾಪಕ ಹೆನ್ರಿ ಸಿಜ್‌ವಿಕ್ ಇಂಥ ಸಂಘಗಳಲ್ಲಿ ಮಾಡಿದ ಭಾಷಣಗಳು 1898ರಲ್ಲಿ ‘ಪ್ರಾಕ್ಟಿಕಲ್ ಎಥಿಕ್ಸ್’ ಎಂಬ ಪುಸ್ತಕವಾಗಿ ಬಂದವು. ರಾಜಕೀಯದ ನೀತಿ, ಯುದ್ಧ, ಭೋಗ, ಪಾದ್ರಿಗಳ ಸತ್ಯನಿಷ್ಠೆ ಇವು ಅವನು ಎತ್ತಿಕೊಂಡ ವಿಷಯಗಳು. ಮೂಲತತ್ತ್ವಗಳ ಬಗ್ಗೆ ಒಮ್ಮತವಿಲ್ಲದವರು ಕೂಡ ನಿರ್ದಿಷ್ಟ ಪ್ರಶ್ನೆಗಳ ಬಗ್ಗೆ ಒಟ್ಟಿಗೆ ಕೂತು ವಿಚಾರ ಮಾಡಬಹುದು ಎಂಬುದು ಅವನ ನಿಲುವು. ಅನ್ವಯಿಕ ನೀತಿಶಾಸ್ತ್ರದ ತರಗತಿಗಳು ಈಗಲೂ ಇದೇ ನಂಬಿಕೆಯ ಮೇಲೆ ನಿಂತಿವೆ.

ಲಂಡನ್ನಿನ ಸಂಘ 1897ರಲ್ಲಿ ನೀತಿ ಮತ್ತು ಸಮಾಜ ತತ್ತ್ವಶಾಸ್ತ್ರದ ಶಾಲೆಯಾಗಿ ಬದಲಾಗಿ, ಮೂರೇ ವರ್ಷಗಳಲ್ಲಿ ಮುಚ್ಚಿತು. ಅಷ್ಟರಲ್ಲಿ, 1898ರಲ್ಲಿ, ಯುವಕ ಜಿ.ಇ. ಮೂರ್ ಅಲ್ಲಿ ಒಂದು ಉಪನ್ಯಾಸಮಾಲೆ ಕೊಟ್ಟಿದ್ದ. ಅದೇ ಬೆಳೆದು 1903ರಲ್ಲಿ ಅವನ ‘ಪ್ರಿನ್ಸಿಪಿಯಾ ಎಥಿಕಾ’ ಆಯಿತು. ಸಾಮಾನ್ಯ ಜನರಿಗಾಗಿ ತೆರೆದ ಶಾಲೆಯಲ್ಲಿ ಮೊಳೆತ ಈ ಕೃತಿಯೇ ನೀತಿಶಾಸ್ತ್ರವನ್ನು ಜನರ ಪ್ರಶ್ನೆಗಳಿಂದ ದೂರ ಒಯ್ದಿತು. ‘ಒಳ್ಳೆಯದು’ ಎಂದರೇನು ಎಂಬ ವಿಶ್ಲೇಷಣೆ ಮುಂದೆ ಬಂತು. ಏನು ಮಾಡಬೇಕು ಎಂಬ ಪ್ರಶ್ನೆ ಹಿಂದೆ ಸರಿಯಿತು. 1936ರಲ್ಲಿ ಎ.ಜೆ. ಏಯರ್ ನೈತಿಕ ಹೇಳಿಕೆಗಳು ಭಾವನೆಯ ಅಭಿವ್ಯಕ್ತಿಗಳಷ್ಟೇ, ಅವಕ್ಕೆ ಸತ್ಯ-ಸುಳ್ಳಿನ ಹಂಗಿಲ್ಲ ಎಂದು ವಾದಿಸಿದ. ಜನರಿಗೆ ಕರ್ತವ್ಯ ಬೋಧಿಸುವುದು ತತ್ತ್ವಜ್ಞಾನಿಯ ಕೆಲಸವಲ್ಲ ಎಂಬ ಭಾವನೆ ಇಂಗ್ಲಿಷ್ ಮಾತಾಡುವ ದೇಶಗಳ ತತ್ತ್ವಶಾಸ್ತ್ರ ವಿಭಾಗಗಳಲ್ಲಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಗಟ್ಟಿಯಾಗಿ ಕೂತಿತ್ತು.

ಆ ಮೌನವನ್ನು ಮುರಿದವರಲ್ಲಿ ಮೊದಲಿಗರು ತತ್ತ್ವಶಾಸ್ತ್ರ ವಿಭಾಗದವರಲ್ಲ. ವೈದ್ಯರು, ಪತ್ರಕರ್ತರು, ಪಾದ್ರಿಗಳು, ವಕೀಲರು. ನಾಜಿ ವೈದ್ಯರ ವಿಚಾರಣೆಯ ತೀರ್ಪಿನೊಂದಿಗೆ 1947ರಲ್ಲಿ ನ್ಯೂರೆಂಬರ್ಗ್ ಸಂಹಿತೆ ಹೊರಬಂತು. ಮನುಷ್ಯರ ಮೇಲಿನ ಯಾವ ಪ್ರಯೋಗಕ್ಕೂ ಅವರು ಸ್ವಇಚ್ಛೆಯಿಂದ ಒಪ್ಪಿರಬೇಕು ಎಂದು ಅದು ಸಾರಿತು. ಆದರೂ ಅಮೆರಿಕದ ಅಲಬಾಮಾ ರಾಜ್ಯದ ಟಸ್ಕೀಗಿಯಲ್ಲಿ ನೂರಾರು ಬಡ ಕಪ್ಪು ಜನರ ಸಿಫಿಲಿಸ್ ರೋಗಕ್ಕೆ ಚಿಕಿತ್ಸೆ ಕೊಡದೆ, ಅದು ಹೇಗೆ ಬಲಿಯುತ್ತದೆಂದು ನೋಡುತ್ತಾ ಕೂತ ಸರ್ಕಾರಿ ಅಧ್ಯಯನ 1932ರಿಂದ 1972ರವರೆಗೆ ನಡೆಯಿತು. ಪೆನಿಸಿಲಿನ್ ಸುಲಭವಾಗಿ ಸಿಗತೊಡಗಿದ ಮೇಲೂ ಅವರಿಗೆ ಅದನ್ನು ಕೊಡಲಿಲ್ಲ. 1966ರಲ್ಲಿ ವೈದ್ಯ ಹೆನ್ರಿ ಬೀಚರ್ ಹೆಸರಾಂತ ವೈದ್ಯಕೀಯ ಪತ್ರಿಕೆಯೊಂದರಲ್ಲಿ ನೀತಿಗೆಟ್ಟ 22 ಸಂಶೋಧನೆಗಳನ್ನು ಪಟ್ಟಿಮಾಡಿದ. ಹೊಸ ಯಂತ್ರಗಳು ಬೇರೊಂದು ಬಗೆಯ ಪ್ರಶ್ನೆಯನ್ನು ತಂದವು. 1960ರ ದಶಕದ ಆರಂಭದಲ್ಲಿ ಸಿಯಾಟಲ್ ನಗರದಲ್ಲಿ ದೀರ್ಘಕಾಲದ ಡಯಾಲಿಸಿಸ್ ಸಾಧ್ಯವಾಯಿತು. ಯಂತ್ರಗಳು ಕಡಿಮೆ, ರೋಗಿಗಳು ಹೆಚ್ಚು. ಯಾರಿಗೆ ಚಿಕಿತ್ಸೆ ಎಂದು ತೀರ್ಮಾನಿಸಲು ವಕೀಲ, ಪಾದ್ರಿ, ಬ್ಯಾಂಕಿನವರು, ಗೃಹಿಣಿ, ಕಾರ್ಮಿಕ ನಾಯಕ ಮೊದಲಾದ ಏಳು ಜನರ ಸಮಿತಿ ಕೂತಿತು. 1962ರಲ್ಲಿ ‘ಲೈಫ್’ ಪತ್ರಿಕೆ ಇದನ್ನು ವರದಿ ಮಾಡಿದಾಗ ದೇಶ ಬೆಚ್ಚಿತು. ಆ ಏಳು ಜನ ಕೆಟ್ಟವರಲ್ಲ. ಆದರೆ ಬದುಕು-ಸಾವಿನ ಆಯ್ಕೆಗೆ ಬೇಕಾದ ವಿಚಾರದ ತರಬೇತಿಯನ್ನು ಅವರಿಗೆ ಯಾರೂ ಕೊಟ್ಟಿರಲಿಲ್ಲ. ಅಂಥ ತರಬೇತಿ ಕೊಡುವ ಸಂಸ್ಥೆಗಳೂ ಆಗ ಇರಲಿಲ್ಲ.

ಈ ಕೊರತೆ ಬೇಗನೆ ತುಂಬತೊಡಗಿತು. ಲಂಡನ್ನಿನಲ್ಲಿ ಪಾದ್ರಿ ಎಡ್ವರ್ಡ್ ಶಾಟರ್ 1963ರಲ್ಲಿ ಕಟ್ಟಿದ ಲಂಡನ್ ಮೆಡಿಕಲ್ ಗ್ರೂಪ್ ಆಸ್ಪತ್ರೆ-ಕಾಲೇಜುಗಳ ವಿದ್ಯಾರ್ಥಿಗಳಿಗಾಗಿ ಚರ್ಚೆಗಳನ್ನು ಏರ್ಪಡಿಸಿತು. ಪಠ್ಯದಲ್ಲಿ ಇಲ್ಲದ್ದನ್ನು ವಿದ್ಯಾರ್ಥಿಗಳು ತಾವಾಗಿ ಬಂದು ಕಲಿತರು. 1969ರಲ್ಲಿ ನ್ಯೂಯಾರ್ಕಿನ ಬಳಿ ಹೇಸ್ಟಿಂಗ್ಸ್ ಸೆಂಟರ್, 1971ರಲ್ಲಿ ಜಾರ್ಜ್‌ಟೌನ್ ವಿಶ್ವವಿದ್ಯಾಲಯದಲ್ಲಿ ಕೆನೆಡಿ ಇನ್‌ಸ್ಟಿಟ್ಯೂಟ್ ಹುಟ್ಟಿದವು. ಕೆನೆಡಿ ಇನ್‌ಸ್ಟಿಟ್ಯೂಟ್ 1970ರ ದಶಕದಲ್ಲೇ ಆರಂಭಿಸಿದ ಒಂದು ವಾರದ ಬೇಸಿಗೆ ಶಿಬಿರಕ್ಕೆ ವೈದ್ಯರು, ದಾದಿಯರು, ವಕೀಲರು ರಜೆ ಹಾಕಿ ಬಂದರು. ಕೆಲಸದ ನಡುವೆ ಬಿಡುವು ಮಾಡಿಕೊಂಡು, ಕೆಲವೇ ದಿನ ಒಂದೆಡೆ ಸೇರಿ ಬಿರುಸಾಗಿ ಕಲಿಯುವ ಈ ಪದ್ಧತಿ ಮುಂದಿನ ಅರೆಕಾಲಿಕ ಪದವಿಗಳಲ್ಲೂ ಉಳಿಯಿತು.

ತತ್ತ್ವಜ್ಞಾನಿಗಳೂ ಹೊರಗೆ ಬಂದರು. ಫಿಲಿಪ್ಪಾ ಫುಟ್ 1967ರಲ್ಲಿ, ಓಡುತ್ತಿರುವ ಟ್ರಾಮ್ ಐದು ಜನರ ಮೇಲೆ ಹರಿಯದಂತೆ ಒಬ್ಬನ ಕಡೆ ತಿರುಗಿಸಬಹುದೇ ಎಂಬ ಪ್ರಸಿದ್ಧ ಸಮಸ್ಯೆಯನ್ನು ಮುಂದಿಟ್ಟಳು. 1971ರಲ್ಲಿ ಆರಂಭವಾದ ‘ಫಿಲಾಸಫಿ ಆ್ಯಂಡ್ ಪಬ್ಲಿಕ್ ಅಫೇರ್ಸ್’ ಪತ್ರಿಕೆಯ ಮೊದಲ ಸಂಚಿಕೆಯಲ್ಲೇ ಜುಡಿತ್ ಜಾರ್ವಿಸ್ ಥಾಮ್ಸನ್ ಗರ್ಭಪಾತದ ಪರವಾಗಿ ಬರೆದ ಲೇಖನವಿತ್ತು. ಅದೇ ಪತ್ರಿಕೆಯಲ್ಲಿ 1972ರಲ್ಲಿ ಆಸ್ಟ್ರೇಲಿಯಾದ ಪೀಟರ್ ಸಿಂಗರ್ ಬರೆದ ಲೇಖನಕ್ಕೆ ಪ್ರೇರಣೆ ಪೂರ್ವ ಬಂಗಾಳದಿಂದ ಭಾರತಕ್ಕೆ ಓಡಿಬಂದ ಲಕ್ಷಾಂತರ ನಿರಾಶ್ರಿತರ ಸಂಕಟ. ದೊಡ್ಡ ತ್ಯಾಗವಿಲ್ಲದೆ ಒಂದು ಕೇಡನ್ನು ತಡೆಯಲು ಸಾಧ್ಯವಿದ್ದರೆ ತಡೆಯಲೇಬೇಕು, ಸಂಕಟದಲ್ಲಿರುವವರು ಎಷ್ಟು ದೂರದಲ್ಲಿದ್ದಾರೆ ಎಂಬುದು ನೆಪವಾಗದು ಎಂದು ಸಿಂಗರ್ ವಾದಿಸಿದ. ಈ ಶಾಖೆಯಲ್ಲಿ ಅತಿ ಹೆಚ್ಚು ಪಾಠವಾದ ಲೇಖನಗಳಲ್ಲಿ ಇದೂ ಒಂದು. 1979ರಲ್ಲಿ ಅವನ ‘ಪ್ರಾಕ್ಟಿಕಲ್ ಎಥಿಕ್ಸ್’ ಬಂತು. ಸಿಜ್‌ವಿಕ್‌ನ ಶೀರ್ಷಿಕೆಯೇ ಎಂಬತ್ತು ವರ್ಷಗಳ ಮೇಲೆ ಮರಳಿತು. ಅದೇ ವರ್ಷ ಅಮೆರಿಕದ ವಿದ್ವಾಂಸರಾದ ಬೋಚಮ್ ಮತ್ತು ಚಿಲ್ಡ್ರೆಸ್ ತಮ್ಮ ವೈದ್ಯಕೀಯ ನೀತಿಯ ಪಠ್ಯಪುಸ್ತಕದಲ್ಲಿ ಸ್ವಾಯತ್ತತೆ, ಕೇಡು ಮಾಡದಿರುವುದು, ಒಳಿತು ಮಾಡುವುದು, ನ್ಯಾಯ ಎಂಬ ನಾಲ್ಕು ಸೂತ್ರಗಳನ್ನು ಮುಂದಿಟ್ಟರು. ತತ್ತ್ವಶಾಸ್ತ್ರ ಓದದ ವೈದ್ಯರಿಗೆ ಇವು ಕೈಗೆಟುಕುವ ಸಾಧನವಾದವು. ಯಾಂತ್ರಿಕವಾಗಿ ಬಳಸಿದರೆ ವಿಚಾರವೇ ಮೊಂಡಾಗುತ್ತದೆ ಎಂಬ ಟೀಕೆಯೂ ಬಂತು, ಅದರಲ್ಲಿ ಹುರುಳಿದೆ.

ಹೀಗೆ ಪಠ್ಯ, ಪತ್ರಿಕೆ, ಅಧ್ಯಾಪಕರು ಸಿದ್ಧವಾದ ಮೇಲೆ ಪದವಿಗಳು ಬಂದವು. ಕಾನೂನು ವಿದ್ವಾಂಸ ಇಯಾನ್ ಕೆನೆಡಿ 1978ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ವೈದ್ಯಕೀಯ ಕಾನೂನು ಮತ್ತು ನೀತಿಯ ಕೇಂದ್ರವನ್ನು ಸ್ಥಾಪಿಸಿದ. ಸಿಂಗರ್ 1980ರಲ್ಲಿ ಮೆಲ್ಬರ್ನಿನ ಮೊನಾಶ್ ವಿಶ್ವವಿದ್ಯಾಲಯದಲ್ಲಿ ಮಾನವ ಜೈವಿಕ ನೀತಿಯ ಕೇಂದ್ರವನ್ನು ಕಟ್ಟಿದ. ಮ್ಯಾಂಚೆಸ್ಟರಿನ ಕೇಂದ್ರ 1986ರದು. ಈ ಕೇಂದ್ರಗಳ ಎಂ.ಎ. ತರಗತಿಗಳಿಗೆ ಬಂದವರಲ್ಲಿ ಹೆಚ್ಚಿನವರು ಆಗತಾನೆ ಪದವಿ ಮುಗಿಸಿದ ಯುವಕರಲ್ಲ. ಹತ್ತು-ಇಪ್ಪತ್ತು ವರ್ಷ ಆಸ್ಪತ್ರೆ, ನ್ಯಾಯಾಲಯ, ಸಮಾಜಸೇವೆಯಲ್ಲಿ ದುಡಿದವರು. ಕೀಲ್ ವಿಶ್ವವಿದ್ಯಾಲಯ ಇದನ್ನು ಚೆನ್ನಾಗಿ ಅರಿತಿತ್ತು. 1980ರ ದಶಕದ ಉತ್ತರಾರ್ಧದಲ್ಲಿ ಅದು ಆರಂಭಿಸಿದ ವೈದ್ಯಕೀಯ ನೀತಿಯ ಎಂ.ಎ. ಪದವಿಯಲ್ಲಿ ವಾರವಾರದ ತರಗತಿಯ ಬದಲು ವರ್ಷದಲ್ಲಿ ಕೆಲವು ಸಲ, ಸತತವಾಗಿ ಕೆಲವು ದಿನಗಳ ಬೋಧನೆ. ಉಳಿದದ್ದು ಮನೆಯಲ್ಲಿ ಓದು, ಪ್ರಬಂಧ. ರಾತ್ರಿಪಾಳಿಯ ದಾದಿ, ತುರ್ತು ಚಿಕಿತ್ಸೆಯ ವೈದ್ಯ ಇಂಥವರಿಗೆ ಹೊಂದುವ ಕ್ರಮ ಇದು. 1993ರಲ್ಲಿ ಬ್ರಿಟನ್ನಿನ ಜನರಲ್ ಮೆಡಿಕಲ್ ಕೌನ್ಸಿಲ್ ವೈದ್ಯಕೀಯ ಶಿಕ್ಷಣದಲ್ಲಿ ನೀತಿ ಮತ್ತು ಕಾನೂನಿನ ಪಾಠ ಇರಬೇಕೆಂದಾಗ, ಅದನ್ನು ಕಲಿಸಬಲ್ಲ ವೈದ್ಯರೇ ಬೇಕಾದರು. ಅರೆಕಾಲಿಕ ಎಂ.ಎ.ಗೆ ಬೇಡಿಕೆ ಬೆಳೆಯಲು ಇದೂ ಕಾರಣ.

ಅರೆಕಾಲಿಕ ಪದವಿಯಲ್ಲಿ ಕಲಿಕೆ ನಡೆಯುವ ರೀತಿಗೆ ತನ್ನದೇ ಗುಣವಿದೆ. ಸಾಮಾನ್ಯವಾಗಿ ಎರಡು ವರ್ಷ ಅಥವಾ ತುಸು ಹೆಚ್ಚು ಅವಧಿ. ಮೊದಲು ಫಲಿತವಾದ, ಕರ್ತವ್ಯವಾದ, ಸದ್ಗುಣವಾದ ಎಂಬ ಸಿದ್ಧಾಂತಗಳ ಪರಿಚಯ. ಆಮೇಲೆ ನಿರ್ದಿಷ್ಟ ಕ್ಷೇತ್ರಗಳು. ಕೊನೆಗೆ ವಿದ್ಯಾರ್ಥಿ ತಾನೇ ಆರಿಸಿದ ವಿಷಯದ ಮೇಲೆ ಕಿರುಪ್ರಬಂಧ. ತತ್ತ್ವಜ್ಞಾನಿ ಜಾನ್ ರಾಲ್ಸ್ 1971ರಲ್ಲಿ ವಿವರಿಸಿದ ವಿಧಾನವನ್ನು, ಅಂದರೆ ಸಾಮಾನ್ಯ ತತ್ತ್ವವನ್ನೂ ನಿರ್ದಿಷ್ಟ ಪ್ರಸಂಗದಲ್ಲಿ ನಮಗೆ ಸರಿ ಎನಿಸಿದ್ದನ್ನೂ ಒಂದಕ್ಕೊಂದು ತಾಳೆ ನೋಡುತ್ತಾ ಎರಡನ್ನೂ ತಿದ್ದಿಕೊಳ್ಳುವುದನ್ನು, ಹಲವೆಡೆ ಕಲಿಸುತ್ತಾರೆ. ಇಂಥ ತಾಳೆಗೆ ಬೇಕಾದ ಪ್ರಸಂಗಗಳು ಕೆಲಸದಲ್ಲಿರುವ ವಿದ್ಯಾರ್ಥಿಯ ಅನುಭವದಲ್ಲೇ ಇರುತ್ತವೆ. ಪೂರ್ಣಕಾಲಿಕ ತರಗತಿ ಅವನ್ನು ಪುಸ್ತಕದಿಂದ ತರಬೇಕು. ಆದ್ದರಿಂದ ಈ ವಿಷಯದ ಮಟ್ಟಿಗೆ ಅರೆಕಾಲಿಕ ಓದನ್ನು ಪೂರ್ಣ ಓದಿನ ತೆಳು ರೂಪವೆಂದು ನೋಡುವುದು ತಪ್ಪು. ಹಲವು ಬಗೆಗಳಲ್ಲಿ ಅದೇ ಹೆಚ್ಚು ಸಹಜವಾದ ರೂಪ. ತೊಡಕುಗಳೂ ಉಂಟು. ಶುಲ್ಕ ದುಬಾರಿ, ದಣಿವು ಹೆಚ್ಚು. ಕೆಲಸ, ಮನೆ ಎರಡರ ಭಾರವನ್ನೂ ಹೊತ್ತ ಹೆಣ್ಣುಮಕ್ಕಳಿಗೆ ಇನ್ನೂ ಹೆಚ್ಚು. ಇಂಗ್ಲೆಂಡಿನಲ್ಲಿ ಸ್ನಾತಕೋತ್ತರ ಪದವಿಗೆ ಸರ್ಕಾರಿ ಸಾಲ ಸಿಗತೊಡಗಿದ್ದು 2016ರಲ್ಲಷ್ಟೇ. ಅರೆಕಾಲಿಕರಿಗೂ ಅದು ಅನ್ವಯಿಸಿತು.

ಆಕ್ಸ್‌ಫರ್ಡಿನಲ್ಲಿ ಅನ್ವಯಿಕ ನೀತಿಶಾಸ್ತ್ರ, ದುಡಿಯುವವರ ಶಿಕ್ಷಣ ಎಂಬ ಎರಡು ಪರಂಪರೆಗಳು ಕೂಡಿಕೊಂಡವು. ಜಪಾನಿನ ಉಎಹಿರೊ ಪ್ರತಿಷ್ಠಾನದ ನೆರವಿನಿಂದ ಅಲ್ಲಿ 2000ರ ದಶಕದ ಆರಂಭದಲ್ಲಿ ಅನ್ವಯಿಕ ನೀತಿಶಾಸ್ತ್ರದ ಪೀಠವೂ ಕೇಂದ್ರವೂ ಬಂದವು. ಮೊನಾಶ್‌ನಲ್ಲಿ ಸಿಂಗರ್ ಬಳಿ ಓದಿದ್ದ ವೈದ್ಯ-ತತ್ತ್ವಜ್ಞಾನಿ ಜೂಲಿಯನ್ ಸಾವುಲೆಸ್ಕು ಅದರ ಮೊದಲ ಪ್ರಾಧ್ಯಾಪಕ. 1878ರ ವಿಸ್ತರಣಾ ಉಪನ್ಯಾಸಗಳ ವಾರಸುದಾರನಾದ ಮುಂದುವರಿಕೆ ಶಿಕ್ಷಣ ವಿಭಾಗದ ಸಹಯೋಗದಲ್ಲಿ ಮುಂದೆ ಅನ್ವಯಿಕ ನೀತಿಶಾಸ್ತ್ರದ ಅರೆಕಾಲಿಕ ‘ಮಾಸ್ಟರ್ ಆಫ್ ಸ್ಟಡೀಸ್’ ಪದವಿ ಆರಂಭವಾಯಿತು. ಆರು ಘಟಕಗಳು, ಒಂದು ಕಿರುಪ್ರಬಂಧ ಅದರ ಚೌಕಟ್ಟು. ಮೊದಲು ವೈದ್ಯಕೀಯಕ್ಕೇ ಹೆಚ್ಚು ಅಂಟಿಕೊಂಡಿದ್ದ ಇಂಥ ಪದವಿಗಳು ಈಗ ಕೃತಕ ಬುದ್ಧಿಮತ್ತೆ, ಹವಾಮಾನ, ವಂಶವಾಹಿ ತಿದ್ದುಪಡಿ ಮುಂತಾದವುಗಳಿಗೂ ಚಾಚಿವೆ.

ಭಾರತದಲ್ಲಿ ಈ ಅಧ್ಯಯನ ಬಹುಮಟ್ಟಿಗೆ ಜೈವಿಕ ನೀತಿಯ, ಅಂದರೆ ವೈದ್ಯಕೀಯ ಮತ್ತು ಜೀವವಿಜ್ಞಾನದ ನೀತಿಯ, ರೂಪದಲ್ಲೇ ಬೆಳೆದಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 1980ರಲ್ಲಿ ಮೊದಲ ನೀತಿ ಹೇಳಿಕೆಯನ್ನೂ, 2000, 2006, 2017ರಲ್ಲಿ ವಿಸ್ತೃತ ಮಾರ್ಗಸೂಚಿಗಳನ್ನೂ ಹೊರಡಿಸಿತು. ಮುಂಬಯಿಯ ವೈದ್ಯರ ಗುಂಪೊಂದು 1993ರಲ್ಲಿ ಆರಂಭಿಸಿದ ಪತ್ರಿಕೆ ಮುಂದೆ ‘ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ಎಥಿಕ್ಸ್’ ಆಯಿತು. ಈ ಚರಿತ್ರೆಯಲ್ಲಿ ಕರ್ನಾಟಕದ ಪಾಲು ದೊಡ್ಡದು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು ನೀತಿಯ ಪಾಠಕ್ಕೆ ದೇಶದಲ್ಲಿ ಬಹು ಮೊದಲೇ ಜಾಗ ಕೊಟ್ಟಿತು. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ ವೈದ್ಯಕೀಯ ಕಾನೂನು ಮತ್ತು ನೀತಿಯಲ್ಲಿ ದೂರಶಿಕ್ಷಣದ ಸ್ನಾತಕೋತ್ತರ ಡಿಪ್ಲೊಮಾ ನಡೆಸಿದೆ. ಕೆಲಸದಲ್ಲಿರುವ ವೈದ್ಯರು, ವಕೀಲರು ಅಂಚೆಯಲ್ಲಿ ಪಾಠ ತರಿಸಿ ಓದಿದ್ದಾರೆ. ಮಂಗಳೂರಿನ ದೇರಳಕಟ್ಟೆಯ ಯೆನೆಪೋಯ ವಿಶ್ವವಿದ್ಯಾಲಯದ ನೀತಿ ಕೇಂದ್ರ ಜೈವಿಕ ನೀತಿಯ ಸ್ನಾತಕೋತ್ತರ ಡಿಪ್ಲೊಮಾ ಕೊಡುತ್ತಾ ಬಂದಿದ್ದು, ಮೊನಾಶ್ ವಿಶ್ವವಿದ್ಯಾಲಯದ ಸಹಯೋಗದಲ್ಲಿ ಸಂಶೋಧನಾ ನೀತಿಯ ಸ್ನಾತಕೋತ್ತರ ಪದವಿಯನ್ನೂ ರೂಪಿಸಿತು. ಕೃಷಿ, ಆಡಳಿತ, ಜಾತಿ, ನೀರು ಹಂಚಿಕೆಯ ನೈತಿಕ ಪ್ರಶ್ನೆಗಳನ್ನು ಇದೇ ಶಿಸ್ತಿನಿಂದ ಕಲಿಸುವ ಅರೆಕಾಲಿಕ ಸ್ನಾತಕೋತ್ತರ ಶಿಕ್ಷಣ ಇಲ್ಲಿ ಇನ್ನೂ ಬೆಳೆಯಬೇಕಾಗಿದೆ. ಪಾಠಗಳು ಬಹುತೇಕ ಇಂಗ್ಲಿಷಿನಲ್ಲೇ ಇರುವುದು ದೊಡ್ಡ ಕೊರತೆ.

ಇಂಥ ಶಿಕ್ಷಣಕ್ಕೆ ಬೇಡಿಕೆಯಂತೂ ಕಾನೂನಿನಿಂದಲೇ ಹುಟ್ಟಿದೆ. ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು, 2019ರ ಪ್ರಕಾರ ಔಷಧ ಪರೀಕ್ಷೆಗೆ ಅನುಮತಿ ಕೊಡುವ ನೀತಿ ಸಮಿತಿಯಲ್ಲಿ ಕನಿಷ್ಠ ಏಳು ಸದಸ್ಯರಿರಬೇಕು. ಅವರಲ್ಲಿ ಅರ್ಧದಷ್ಟಾದರೂ ಜನ ಆ ಸಂಸ್ಥೆಗೆ ಸೇರದವರಾಗಿರಬೇಕು. ಒಬ್ಬ ಜನಸಾಮಾನ್ಯರ ಪ್ರತಿನಿಧಿ, ಒಬ್ಬ ಮಹಿಳೆ, ಒಬ್ಬ ಕಾನೂನು ತಜ್ಞ ಇರಲೇಬೇಕು. ಸಮಾಜವಿಜ್ಞಾನಿ, ತತ್ತ್ವಜ್ಞಾನಿ, ನೀತಿತಜ್ಞ ಮೊದಲಾದವರಲ್ಲಿ ಒಬ್ಬರಿಗೂ ಅಲ್ಲಿ ಸ್ಥಾನವಿದೆ.