ಕ್ರಾಸಿಂಗ್‌ನಲ್ಲಿ ಕಾಯುವವರು

ವಾಶಿಯಲ್ಲಿರುವ ನಮಗೆ ಊರಿನ ರೈಲು ಮನೆ ಹತ್ತಿರ ಸಿಗುವುದಿಲ್ಲ. ಪನ್ವೇಲಿಗೋ ಠಾಣೆಗೋ ಲೋಕಲ್‌ನಲ್ಲಿ ಹೋಗಿ ಅಲ್ಲಿ ಮತ್ಸ್ಯಗಂಧ ಹತ್ತಬೇಕು. ರಾತ್ರಿ ಉಡುಪಿಯಿಂದ ಅಮ್ಮನ ಫೋನು ಬರುತ್ತದೆ, ಎಲ್ಲಿ ತಲುಪಿದೆ ಎಂದು. ಹೆಚ್ಚಿನ ಸಲ ನನ್ನ ಉತ್ತರ ಒಂದೇ: "ಕ್ರಾಸಿಂಗ್‌ಗೆ ನಿಂತಿದೆ." ಅಮ್ಮ ಮುಂದೆ ಕೇಳುವುದಿಲ್ಲ. ಕರಾವಳಿಯವರಿಗೆ ಅಷ್ಟು ಹೇಳಿದರೆ ಸಾಕು.

ಭಾಷಾವಿಜ್ಞಾನ ಓದಿದ ಚಾಳಿ, ಪದ ಕಂಡಲ್ಲಿ ನಿಲ್ಲುತ್ತೇನೆ. ರೈಲ್ವೆಯವರ ಭಾಷೆಯಲ್ಲಿ ಕ್ರಾಸಿಂಗ್ ಎಂದರೆ ಎದುರಿನಿಂದ ಬರುವ ಗಾಡಿಗೆ ದಾರಿ ಬಿಡುವುದು. ಹಿಂದಿನಿಂದ ಬಂದ ಗಾಡಿಯನ್ನು ಮುಂದಕ್ಕೆ ಬಿಡುವುದಕ್ಕೆ ಅವರಲ್ಲಿ ಬೇರೆ ಪದವಿದೆ. ನಮ್ಮ ಕನ್ನಡದಲ್ಲಿ ಎರಡೂ ಕ್ರಾಸಿಂಗೇ. ಎದುರಿನ ಗೂಡ್ಸ್ ಇರಲಿ, ಹಿಂದಿನಿಂದ ಬಂದ ತಿರುವನಂತಪುರದ ರಾಜಧಾನಿ ಇರಲಿ, ಲೂಪ್ ಲೈನಿನಲ್ಲಿ ನಿಂತವರ ಮಟ್ಟಿಗೆ ವ್ಯತ್ಯಾಸವೇನು?

ಹೊಸ ವೇಗದ ರೈಲಿನ ಸುದ್ದಿ ಓದಿದಾಗಲೆಲ್ಲ ನನಗೆ ಈ ಪದ ನೆನಪಾಗುತ್ತದೆ. ಹಳಿ ಹಳೆಯದೇ ಆಗಿರುವಾಗ ಒಂದು ಗಾಡಿಗೆ ವೇಗ ಎಲ್ಲಿಂದ ಬರುತ್ತದೆ? ಎಂಜಿನ್ನಿನಿಂದ ಸ್ವಲ್ಪ ಬರುತ್ತದೆ. ಉಳಿದದ್ದು ವೇಳಾಪಟ್ಟಿಯಿಂದ: ಎಲ್ಲಿ ನಿಲ್ಲಬಾರದು, ಯಾರನ್ನು ನಿಲ್ಲಿಸಬೇಕು ಎಂಬ ನಿರ್ಧಾರದಿಂದ. ಈ ಮಾತಿಗೆ ನಮ್ಮ ಸುತ್ತಲಿನ ಹಳಿಗಳಲ್ಲೇ ನೂರೆಪ್ಪತ್ತು ವರ್ಷಗಳ ಸಾಕ್ಷ್ಯವಿದೆ.

1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಹೊರಟ ದೇಶದ ಮೊದಲ ಪ್ರಯಾಣಿಕರ ರೈಲು 34 ಕಿ.ಮೀ. ದೂರದ ಠಾಣೆಯನ್ನು ಸುಮಾರು ಒಂದು ಗಂಟೆಯಲ್ಲಿ ತಲುಪಿತ್ತು. ಹದಿನಾಲ್ಕು ಡಬ್ಬಿ, ಮೂರು ಉಗಿ ಎಂಜಿನ್, ನಾನೂರು ಅತಿಥಿಗಳು. ಇಂದು ಅದೇ ದಾರಿಯಲ್ಲಿ ಎಲ್ಲ ನಿಲ್ದಾಣಗಳಲ್ಲೂ ನಿಲ್ಲುವ ಸ್ಲೋ ಲೋಕಲ್‌ಗೆ ಕೂಡ ಬೇಕಾಗುವುದು ಹೆಚ್ಚುಕಡಿಮೆ ಅಷ್ಟೇ ಹೊತ್ತು. ಫಾಸ್ಟ್ ಲೋಕಲ್‌ಗೆ ಮುಕ್ಕಾಲು ಗಂಟೆ. ಎರಡೂ ಒಂದೇ ಬಗೆಯ ಗಾಡಿ, ಮೋಟಾರೂ ಒಂದೇ. ಸ್ಲೋ ಮತ್ತು ಫಾಸ್ಟ್ ಎಂಬ ಭೇದ ಹುಟ್ಟುವುದು ಮೋಟಾರಿನಿಂದಲ್ಲ, ನಿಲುಗಡೆಗಳಿಂದ. ಮುಂಬಯಿಯ ಮಕ್ಕಳು ಓದು ಕಲಿಯುವ ಮೊದಲೇ ಇದನ್ನು ಕಲಿತಿರುತ್ತಾರೆ.

ಇನ್ನೊಂದು ಉದಾಹರಣೆ ಡೆಕ್ಕನ್ ಕ್ವೀನ್. ಮುಂಬಯಿ–ಪುಣೆ ದಾರಿಗೆ ವಿದ್ಯುತ್ ತಂತಿ ಬಂದ ಹೊಸತರಲ್ಲಿ, 1930ರ ಜೂನ್ 1ರಂದು, ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಶುರು ಮಾಡಿದ ಗಾಡಿ ಅದು. ಆಗ ಪುಣೆಗೆ ಎರಡು ಮುಕ್ಕಾಲು ಗಂಟೆ. ಈಗ ಮೂರು ಗಂಟೆಗಿಂತ ಹೆಚ್ಚು. ಎಂಜಿನ್ ದುರ್ಬಲವಾಗಿಲ್ಲ, ಹಳಿ ಕೆಟ್ಟಿಲ್ಲ. ನಿಲುಗಡೆಗಳು ಹೆಚ್ಚಿದವು, ಕಲ್ಯಾಣ, ಡೊಂಬಿವಲಿಗಳು ನಗರಗಳಾಗಿ ಬೆಳೆದು ಹಳಿಯ ತುಂಬ ಲೋಕಲ್‌ಗಳು ಬಂದವು. ರಾಣಿಯೂ ತನ್ನ ಸರದಿಗೆ ಕಾಯಬೇಕಾಯಿತು. ಹಾಗೆ ಕಾದದ್ದರಿಂದ ಲಕ್ಷಾಂತರ ಜನ ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಹೋದರು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ನಮ್ಮವರ ದಾರಿಗೆ ಬರೋಣ. ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್ ರೈಲ್ವೆ ಮಂತ್ರಿಯಾಗಿದ್ದಾಗ, 1990ರಲ್ಲಿ, ಕೊಂಕಣ ರೈಲ್ವೆ ನಿಗಮ ಹುಟ್ಟಿತು. ಕಟ್ಟುವ ಹೊಣೆ ಇ. ಶ್ರೀಧರನ್ ಅವರದು. ಅಲ್ಲಿಯತನಕ ಮಂಗಳೂರಿನಿಂದ ಮುಂಬಯಿಗೆ ರೈಲಿನಲ್ಲೇ ಬರುವೆನೆಂದರೆ ಕೇರಳಕ್ಕಿಳಿದು, ಪಾಲಕ್ಕಾಡ್ ದಾಟಿ, ದಕ್ಷಿಣ ಭಾರತವನ್ನೇ ಸುತ್ತಬೇಕಿತ್ತು. ನಿಗಮ ಕೊಟ್ಟ ಲೆಕ್ಕದ ಪ್ರಕಾರ ಆ ದೂರ 2,041 ಕಿ.ಮೀ., 41 ಗಂಟೆ. 1998ರ ಜನವರಿ 26ರಂದು ಪೂರ್ತಿ ದಾರಿ ತೆರೆದಾಗ ಅದು 914 ಕಿ.ಮೀ., 15 ಗಂಟೆಗೆ ಇಳಿಯಿತು. ಅದೇ ವರ್ಷ ಮೇ ತಿಂಗಳಲ್ಲಿ ಮತ್ಸ್ಯಗಂಧ ಓಡತೊಡಗಿತು. ಮುಂಬಯಿಯ ಹೋಟೆಲುಗಳಲ್ಲಿ ದುಡಿಯುತ್ತಿದ್ದ ಕರಾವಳಿಯ ಹುಡುಗರು ಮೊದಲ ಬಾರಿಗೆ ಒಂದು ರಾತ್ರಿಯ ನಿದ್ದೆಯಲ್ಲಿ ಊರು ಸೇರುವಂತಾಯಿತು.

ಆಮೇಲೆ? ಮತ್ಸ್ಯಗಂಧಕ್ಕೆ ಈಗಲೂ 16 ಗಂಟೆಯ ಆಸುಪಾಸು ಬೇಕು. ಈ ಹಳಿಯನ್ನು ಗಂಟೆಗೆ 160 ಕಿ.ಮೀ. ವೇಗಕ್ಕೆ ವಿನ್ಯಾಸ ಮಾಡಿದ್ದರು. ಆದರೆ ಕಟ್ಟಿದ್ದು ಸಿಂಗಲ್ ಲೈನ್. ಬಾವಿಗೆ ಎಷ್ಟು ದೊಡ್ಡ ಕೊಡ ಇಳಿಸಿದರೂ ಹಗ್ಗ ಒಂದೇ ಇದ್ದರೆ ಸರದಿ ತಪ್ಪುವುದಿಲ್ಲ. ಕೇರಳಕ್ಕೆ, ಗೋವಾಕ್ಕೆ, ಮಂಗಳೂರಿಗೆ ಹೋಗುವ ಗಾಡಿಗಳೂ ಗೂಡ್ಸ್‌ಗಳೂ ಲಾರಿಗಳನ್ನೇ ಹೊತ್ತೊಯ್ಯುವ ರೋ-ರೋ ಗಾಡಿಗಳೂ ಆ ಒಂದು ಹಳಿಯನ್ನೇ ಹಂಚಿಕೊಳ್ಳಬೇಕು.

ಅದೇ ಹಳಿಗೆ 2023ರಲ್ಲಿ ವಂದೇ ಭಾರತ್ ಬಂತು. ಮುಂಬಯಿಯಿಂದ ಬೆಳಿಗ್ಗೆ 5:25ಕ್ಕೆ ಹೊರಟು ಮಡಗಾಂವ್‌ಗೆ ಮಧ್ಯಾಹ್ನ 1:10ಕ್ಕೆ. ಸುಮಾರು 586 ಕಿ.ಮೀ.ಗೆ ಏಳು ಮುಕ್ಕಾಲು ಗಂಟೆ. ಸರಾಸರಿ ಹಾಕಿದರೆ ಗಂಟೆಗೆ 75 ಕಿ.ಮೀ. ದಾಟುತ್ತದೆ ಅಷ್ಟೆ. ಗಾಡಿಯ ವಿನ್ಯಾಸವೇನೋ 180 ಕಿ.ಮೀ.ಗೆ. ಅದು ಉದ್ಘಾಟನೆಯಾದದ್ದು ಮಳೆಗಾಲದಲ್ಲಿ, ಜೂನ್ 27ರಂದು. ಮಳೆಗಾಲದ ವೇಳಾಪಟ್ಟಿಯಲ್ಲಿ ಅದೇ ಗಾಡಿ ಮಡಗಾಂವ್ ಸೇರುವುದು 3:30ಕ್ಕೆ, ಅಂದರೆ ಹತ್ತು ಗಂಟೆಗೂ ಮಿಗಿಲು. ಗುಡ್ಡ ಕುಸಿಯುವ ಭಯವಿರುವ ಕಡೆ ಯಾವ ಗಾಡಿಯೂ ನಿಧಾನಿಸಲೇಬೇಕು. ವರ್ಷದಲ್ಲಿ ನಾಲ್ಕೈದು ತಿಂಗಳು ಈ ದಾರಿಯ ವೇಗವನ್ನು ತೀರ್ಮಾನಿಸುವುದು ಮಳೆ.

ಆ ಗಾಡಿ ಹೊರಡಬೇಕಿದ್ದದ್ದು ಜೂನ್ 3ಕ್ಕೆ. ಹಿಂದಿನ ಸಂಜೆ ಒಡಿಶಾದ ಬಾಲಸೋರ್ ಜಿಲ್ಲೆಯ ಬಹನಾಗಾ ಬಜಾರ್ ನಿಲ್ದಾಣದಲ್ಲಿ ಕೋರಮಂಡಲ್ ಎಕ್ಸ್‌ಪ್ರೆಸ್ ಮುಖ್ಯ ಹಳಿಯಿಂದ ಲೂಪ್ ಲೈನಿಗೆ ನುಗ್ಗಿ, ಅಲ್ಲಿ ನಿಂತಿದ್ದ ಗೂಡ್ಸ್‌ಗೆ ಡಿಕ್ಕಿ ಹೊಡೆಯಿತು. 290ಕ್ಕೂ ಹೆಚ್ಚು ಜನ ಸತ್ತರು. ಸಿಗ್ನಲ್ ವ್ಯವಸ್ಥೆಯ ದುರಸ್ತಿ ಕೆಲಸದಲ್ಲಾದ ತಪ್ಪು ಅದಕ್ಕೆ ಕಾರಣ ಎಂದು ತನಿಖೆ ಹೇಳಿತು. ಉದ್ಘಾಟನೆ ಮುಂದಕ್ಕೆ ಹೋಯಿತು. ಅಂದಿನಿಂದ ಲೂಪ್ ಲೈನಿನಲ್ಲಿ ನಿಂತಾಗ ನಾನು ಬರೀ ಗಡಿಯಾರ ನೋಡಿ ಗೊಣಗುವುದಿಲ್ಲ. ಪಕ್ಕದ ಹಳಿಯಲ್ಲಿ ಗಾಡಿ ಸದ್ದು ಮಾಡಿ ಹಾದುಹೋದಾಗ ಮೈ ಒಮ್ಮೆ ಬಿಗಿಯುತ್ತದೆ. ವೇಗದ ಗಾಡಿಗೂ ನಿಂತ ಗಾಡಿಗೂ ನಡುವೆ ಇರುವುದು ಒಂದು ಪಾಯಿಂಟ್, ಒಂದು ಸಿಗ್ನಲ್, ಅದನ್ನು ನೋಡಿಕೊಳ್ಳುವ ಒಬ್ಬ ನೌಕರ.

ಹೆಸರು ಬದಲಿಸಿ ವೇಗ ತೋರಿಸುವ ದಾರಿಯೂ ಒಂದಿದೆ. ರೈಲ್ವೆಯ ನಿಯಮದಲ್ಲಿ ಸರಾಸರಿ ಗಂಟೆಗೆ 55 ಕಿ.ಮೀ. ಆದರೆ ಸೂಪರ್‌ಫಾಸ್ಟ್, ಅದಕ್ಕೆ ಹೆಚ್ಚುವರಿ ಶುಲ್ಕ. ಕೊರೋನಾದ ನಂತರ ದೇಶದ ಅನೇಕ ಪ್ಯಾಸೆಂಜರ್ ಗಾಡಿಗಳು ಎಕ್ಸ್‌ಪ್ರೆಸ್ ಸ್ಪೆಷಲ್‌ಗಳಾದವು. ಕನಿಷ್ಠ ಟಿಕೆಟ್ 10 ರೂಪಾಯಿಯಿಂದ 30ಕ್ಕೆ ಏರಿತು. 2024ರ ಫೆಬ್ರುವರಿಯಲ್ಲಷ್ಟೇ ಮತ್ತೆ 10ಕ್ಕೆ ಇಳಿಯಿತು. ಸಂತೆಗೆ, ಶಾಲೆಗೆ, ಕೂಲಿಗೆ ಹೋಗುವವರು ನಾಲ್ಕು ವರ್ಷ ತಾವು ಕಾಣದ ವೇಗಕ್ಕೆ ದುಡ್ಡು ತೆತ್ತರು.

ಹಾಗಾದರೆ ವೇಗದ ರೈಲು ಬೇಡವೇ? ಬೇಕು. ಊರಿನಲ್ಲಿ ವಯಸ್ಸಾದ ತಂದೆತಾಯಿ ಇರುವ ಯಾರೂ ಬೇಡವೆನ್ನಲಾರರು. ಮಂಗಳೂರು–ಮಡಗಾಂವ್ ನಡುವೆಯೂ 2023ರ ಡಿಸೆಂಬರ್ 30ರಂದು ವಂದೇ ಭಾರತ್ ಶುರುವಾದಾಗ, ಎರಡನ್ನೂ ಜೋಡಿಸಿ ಮುಂಬಯಿಯಿಂದ ಮಂಗಳೂರಿಗೆ ಒಂದೇ ಗಾಡಿ ಸಿಕ್ಕರೆ ಎಂದು ನಾನೂ ಆಸೆಪಟ್ಟಿದ್ದೆ. ಆದರೆ ಆಸೆಪಡಬೇಕಾದದ್ದು ಬೇರೆಯೂ ಇದೆ, ಅದಕ್ಕೆ ಹಾರ ತೋರಣಗಳ ಸಂಭ್ರಮ ಕಡಿಮೆ.

2021ರಲ್ಲಿ ರೋಹಾದಿಂದ ವೀರ್‌ವರೆಗೆ ಸುಮಾರು 47 ಕಿ.ಮೀ. ಹಳಿ ಜೋಡಿಯಾಯಿತು. ಕೊಂಕಣ ದಾರಿಯಲ್ಲಿ ಹೊಸ ಕ್ರಾಸಿಂಗ್ ನಿಲ್ದಾಣಗಳು ಬಂದವು. ನಮ್ಮ ಕಡೆ ಮಿರ್ಜಾನ್, ಇನ್ನಂಜೆ. ಎರಡು ನಿಲ್ದಾಣಗಳ ನಡುವೆ ಇನ್ನೊಂದು ಕ್ರಾಸಿಂಗ್ ಬಂದರೆ ಎದುರಿನ ಗಾಡಿಗಾಗಿ ಕಾಯುವ ಹೊತ್ತು ಇಳಿಯುತ್ತದೆ, ಅದೂ ಎಲ್ಲ ಗಾಡಿಗಳಿಗೆ. 2022ರ ಫೆಬ್ರುವರಿ 18ರಂದು ಠಾಣೆ–ದಿವಾ ನಡುವೆ ಐದನೆಯ, ಆರನೆಯ ಹಳಿಗಳು ತೆರೆದವು. ಲೋಕಲ್‌ಗಳಿಗೂ ದೂರದ ಗಾಡಿಗಳಿಗೂ ಬೇರೆ ಬೇರೆ ಹಳಿ ಸಿಕ್ಕಿತು. ಅದೇ ದಿವಾದಲ್ಲಿ, 2015ರ ಜನವರಿಯಲ್ಲಿ, ಲೋಕಲ್‌ಗಳು ಕೆಟ್ಟು ನಿಂತಾಗ ಜನ ಸಿಟ್ಟಿನಿಂದ ಹಳಿಗಿಳಿದಿದ್ದರು. ಫಾಸ್ಟ್ ಲೋಕಲ್‌ಗಳು ಅಲ್ಲಿ ನಿಲ್ಲತೊಡಗಿದ್ದು 2016ರ ಕೊನೆಗೆ. ದಿವಾದವರ ಆ ಒಂದು ನಿಮಿಷದ ನಿಲುಗಡೆಯನ್ನು ಕಸಿಯದೆ ಮಂಗಳೂರಿನ ಗಾಡಿಯನ್ನು ಬೇಗ ಸಾಗಿಸಬೇಕಾದರೆ ಹೆಚ್ಚುವರಿ ಹಳಿಯೇ ಬೇಕು.

ಮುಂದಿನ ಸಲ ಹೊಸ ರೈಲಿನ ಸುದ್ದಿ ಬಂದಾಗ ಗರಿಷ್ಠ ವೇಗದ ಅಂಕಿಯನ್ನು ಬಿಟ್ಟು, ಅದೇ ದಾರಿಯ ಉಳಿದ ಗಾಡಿಗಳ ಹಳೆಯ ಮತ್ತು ಹೊಸ ವೇಳೆಯನ್ನು ಅಕ್ಕಪಕ್ಕ ಇಟ್ಟು ನೋಡಿ. ಎಷ್ಟು ನಿಮಿಷ ಉಳಿಯಿತು, ಯಾರಿಂದ ಉಳಿಯಿತು ಎಂಬುದು ಅಲ್ಲಿ ಕಾಣುತ್ತದೆ.

ಈ ದೀಪಾವಳಿಗೂ ನನ್ನ ಟಿಕೆಟ್ ಮತ್ಸ್ಯಗಂಧದ್ದೇ, ಪನ್ವೇಲಿನಿಂದ. ರಾತ್ರಿ ಅಮ್ಮ ಫೋನು ಮಾಡುತ್ತಾಳೆ. ಏನು ಹೇಳಬೇಕೆಂದು ಗೊತ್ತಿದೆ.