ಒಲೆ ಮೇಲಿನ ಅಟ್ಟ, ಅಂಗಳದ ಹೊಗೆ ಪೆಟ್ಟಿಗೆ

ಹೋದ ತಿಂಗಳು ನಮ್ಮನೆ ಅಡಿಕೆ ಅಂಗಳದ ಮೂಲೇಲಿ ಹೊಗೆ ಏಳ್ತಿದ್ದದ್ದು ನೋಡಿ ಪಕ್ಕದ ಮನೆ ಅತ್ತಿಗೆ ಓಡಿ ಬಂದ್ರು. "ಎಂತ ಮಾರಾಯ್ತಿ, ಫ್ರಿಜ್ಜಿಗೆ ಬೆಂಕಿ ಬಿತ್ತಾ?" ಅಂದ್ರು. ಫ್ರಿಜ್ಜಲ್ಲ, ಕರೆಂಟಿನ ಹೊಗೆ ಪೆಟ್ಟಿಗೆ. ಮಗ ಬೆಂಗಳೂರಿಂದ ತರಿಸಿಕೊಟ್ಟದ್ದು. ಒಳಗೆ ಹಂದಿ ತುಂಡು ನೇತಾಕಿತ್ತು. ಅವತ್ತಿಂದ ನೀವೆಲ್ಲ ಕೇಳ್ತಾನೇ ಇದೀರಿ, ಇದೆಂಥ ಹೊಸ ಹುಚ್ಚು ಅಂತ. ಹೊಸದೆಂತ ಬಂತು? ನಮ್ಮ ಅಜ್ಜಿಯಂದಿರಿಗೆಲ್ಲ ಗೊತ್ತಿದ್ದ ಕೆಲಸ, ನಡುವೆ ಒಂದು ಮೂವತ್ತು ವರ್ಷ ನಾವು ಮರೆತಿದ್ವಿ ಅಷ್ಟೆ.

ನಂದು ತವರು ಕೊಪ್ಪದ ಕಡೆ. ಅಡಿಗೆ ಮನೇಲಿ ಮಣ್ಣಿನ ಒಲೆ, ಅದರ ಮೇಲೆ ಒಂದಾಳೆತ್ತರಕ್ಕೆ ಬಿದಿರಿನ ತಟ್ಟಿ ಕಟ್ಟಿದ ಅಟ್ಟ. ಅದರಲ್ಲಿ ಇಲ್ಲದ ಸಾಮಾನಿಲ್ಲ. ಬೀಜದ ಸೌತೆಕಾಯಿ, ಹಲಸಿನ ಬೀಜ, ಜೀರಿಗೆ ಮೆಣಸು, ಹೊಸ ಬುಟ್ಟಿ, ಮೊರ. ಬುಟ್ಟಿ ಮೊರ ಹೊಗೆ ಕುಡಿದ್ರೆ ಹುಳ ಹಿಡಿಯಲ್ಲ. ಒಲೆಯ ನೇರಕ್ಕೆ ಬಳ್ಳೀಲಿ ಪೋಣಿಸಿದ ಒಣ ತುಂಡಿನ ಸರ. ಮಾಂಸನ ಕೈಬೆರಳಿನ ದಪ್ಪಕ್ಕೆ ಉದ್ದುದ್ದ ಸೀಳಿ, ಉಪ್ಪು ಅರಿಶಿನ ತಿಕ್ಕಿ ಒಂದು ರಾತ್ರಿ ಇಟ್ಟು, ಮಾರನೇ ದಿನ ಪೋಣಿಸಿ ನೇತಾಕದು. ಮೂರು ವಾರದಲ್ಲಿ ಕಟ್ಟಿಗೆ ಹಾಂಗೆ ಗಟ್ಟಿ ಆಗ್ತಿತ್ತು. ಆಟಿ ಮಳೇಲಿ ಸಂತೆಗೆ ಹೋಗಕ್ಕಾಗದ ದಿನ ನಾಲ್ಕು ತುಂಡು ಕಿತ್ತು, ಬಿಸಿನೀರಲ್ಲಿ ನೆನೆಸಿ, ಗುಂಡುಕಲ್ಲಲ್ಲಿ ಜಜ್ಜಿ ಹುರಿದ್ರೆ ಕಡುಬಿಗೆ ಬೇರೆಂತದೂ ಬೇಡ.

ಮಳೆ ಅಂದ್ರೆ ನಮ್ಮಲ್ಲಿ ಯಾವ ಮಳೆ ಅಂತ ಹೊರಗಿನವರಿಗೆ ಗೊತ್ತಿಲ್ಲ. ಶೃಂಗೇರಿಯಿಂದ ಅಷ್ಟೇನೂ ದೂರ ಇಲ್ಲದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಬೀಳ್ತದೆ. ಮಳೆ ಬರಲಿ ಅಂತ್ಲೂ ಮಳೆ ಸಾಕು ಅಂತ್ಲೂ ಕಿಗ್ಗದ ಋಷ್ಯಶೃಂಗನಿಗೇ ಹೇಳ್ಕೊಳ್ಳೋ ಊರು ನಮ್ದು. ಅಂಥ ಕಡೆ ಬಿಸಿಲು ನಂಬಿ ಎಂತ ಒಣಗಿಸ್ತೀರಿ? ಅದಕ್ಕೇ ಮಾಂಸ ತಿನ್ನದ ಮನೇಲೂ ಅಟ್ಟ ಇದ್ದೇ ಇತ್ತು. ಶೃಂಗೇರಿ ಕಡೆ ನನ್ನ ಗೆಳತಿಯೊಬ್ಬಳ ಅಜ್ಜಿ ಉಪ್ಪಾಗೆ ಸಿಪ್ಪೆನ ಹೊಗೇಲೇ ಕಪ್ಪು ಮಾಡ್ತಿದ್ರು. ಉಪ್ಪಾಗೆ ಹಣ್ಣಾಗದೇ ಜಡಿಮಳೇಲಿ, ಮತ್ತೆಲ್ಲಿ ಒಣಗಿಸೋದು? ಆ ಹುಳಿ ತಂದು ನಾವು ಹಂದಿ ಸಾರಿಗೆ ಹಾಕ್ತಿದ್ವಿ ಅಂತ ಆ ಅಜ್ಜಿಗೆ ಕೊನೇವರೆಗೂ ಹೇಳಲಿಲ್ಲ ಬಿಡಿ. ಮದುವೆಯಾಗಿ ಎನ್.ಆರ್.ಪುರದ ಈ ಕಡೆ ಬಂದ ಮೇಲೆ ನೋಡಿದ್ರೆ, ಕೇರಳದಿಂದ ಬಂದು ತೋಟ ಮಾಡಿದ ಕ್ರಿಶ್ಚಿಯನ್ ಮನೆಗಳಲ್ಲೂ ಅದೇ ಅಟ್ಟ. ಅವರು ಒಣಗಿದ ಇರಚ್ಚಿಯನ್ನ ಒರಳಲ್ಲಿ ಕುಟ್ಟಿ ಪುಡಿ ಮಾಡಿ ಹುರೀತಾರೆ. ಕೊಡಗಲ್ಲೂ ಉಂಟು, ನಾಗಾಲ್ಯಾಂಡಲ್ಲೂ ಉಂಟು. ಲಕ್ಷದ್ವೀಪದಲ್ಲಿ ಸೂರೆ ಮೀನನ್ನ ಬೇಯಿಸಿ, ಹೊಗೆ ಹಾಕಿ, ಒಣಗಿಸಿ ಕಲ್ಲಿನ ಹಾಂಗೆ ಮಾಡಿ ಮಾಸ್ ಅಂತಾರೆ.

ಅಟ್ಟದ ಮಾಂಸ ಆಗೆಲ್ಲ ಎಲ್ಲಿಂದ ಬರ್ತಿತ್ತು ಅಂತ ಮುಚ್ಚಿಡೋದೆಂತಕ್ಕೆ. ಶಿಕಾರಿ. ಕುವೆಂಪು ಹುಟ್ಟಿದ್ದು 1904ರಲ್ಲಿ ನಮ್ಮ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲೇ, ಅವರ ತಾಯಿ ತವರಲ್ಲಿ. ಅವರು ಬರೆದ ಮಲೆನಾಡಿನ ಮನೆಗಳಲ್ಲಿ ಕೋವಿ, ಬೇಟೆ ನಾಯಿ, ಹಂದಿ ಪಾಲು ಹಾಕೋದು ಎಲ್ಲ ಬರ್ತದೆ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಬಂದ ಮಾರನೇ ದಿನವೇ ಊರಲ್ಲಿ ಎಲ್ಲರೂ ಕೋವಿ ಕೆಳಗಿಟ್ರು ಅಂದ್ರೆ ಸುಳ್ಳಾಗ್ತದೆ, ಆದ್ರೆ ನಿಧಾನಕ್ಕೆ ಅಟ್ಟದ ಸರ ಸಣ್ಣದಾಯ್ತು. ಕಾಡಿಂದ ಬರೋದು ನಿಂತು ಸಾಕಿದ ಹಂದಿ, ಕೋಳಿ, ಭದ್ರಾ ಹಿನ್ನೀರಿನ ಮೀನು ಬಂತು. ಒಳ್ಳೇದೇ ಆಯ್ತು. ಕಾಡುಹಂದಿ ಗದ್ದೆ ಹಾಳು ಮಾಡ್ತದೆ ಅಂತ ನಾನೂ ಬೈತೀನಿ, ಆದ್ರೂ ಈ ಪೆಟ್ಟಿಗೆಗೆ ಅದನ್ನ ಯಾರೂ ತರಬೇಡಿ.

ಅಟ್ಟ ಹೋದದ್ದು ಮಾತ್ರ ಕಾಯ್ದೆಯಿಂದ ಅಲ್ಲ, ಒಲೆಯಿಂದ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಸ್ತ್ರ ಅಂತ ಒಂದು ಕೇಂದ್ರ ಶುರುವಾಯ್ತು, ಎ.ಕೆ.ಎನ್. ರೆಡ್ಡಿ ಅನ್ನೋ ವಿಜ್ಞಾನಿ ಕಟ್ಟಿದ್ದು. ಹಳ್ಳಿಗೆ ಬೇಕಾದ ತಂತ್ರ ಹುಡುಕೋದು ಅವರ ಕೆಲಸ. ಮೂರು ಪಾತ್ರೆ ಒಟ್ಟಿಗೆ ಇಡೋ, ಹೊಗೆ ಕೊಳವೇಲಿ ಮಾಡಿನಾಚೆ ಹೋಗೋ ಅಸ್ತ್ರ ಒಲೆ ಬಂದದ್ದು ಅಲ್ಲಿಂದ. ನಾನು ಕೊಪ್ಪದಲ್ಲಿ ಪಿಯುಸಿ ಓದ್ತಿದ್ದಾಗ ನಮ್ಮನೆಗೂ ಹಾಕಿಸಿದ್ವಿ. ಅವ್ವನಿಗೆ ಆಗ ನಲವತ್ತು ದಾಟಿರಲಿಲ್ಲ, ಬೆಳಗಾಗೆದ್ದು ಊದುಗೊಳವೆ ಹಿಡಿದ್ರೆ ಕೆಮ್ಮೇ ಕೆಮ್ಮು. ಕಣ್ಣು ಯಾವಾಗ್ಲೂ ಕೆಂಪು. ಹೊಸ ಒಲೆ ಹಚ್ಚಿದ ದಿನ ಅಡಿಗೆ ಮನೆಯ ಆಚೆ ಗೋಡೆ ಇಲ್ಲಿಂದ ಕಾಣ್ತದೆ ಅಂತ ನಕ್ಕಿದ್ದು ನನಗೆ ಇನ್ನೂ ನೆನಪು. ಅಜ್ಜಿಗೆ ಮಾತ್ರ ಸಿಟ್ಟು. ಒಂದೇ ಮಳೆಗಾಲದಲ್ಲಿ ಅಟ್ಟದ ಬಿದಿರಿಗೆ ಕುಟ್ಟೆ ಹಿಡೀತು, ತುಂಡಿನ ಸರಕ್ಕೆ ಬೂಸ್ಟು ಬಂತು. "ಹೊಗೆ ಇಲ್ಲದ್ದು ಒಲೆಯಾ?" ಅಂತ ದಿನಾ ಬೈಗುಳ. ಆಮೇಲೆ ಗ್ಯಾಸ್ ಬಂತು, ಅಟ್ಟನೇ ಕಿತ್ತರು. ಅವ್ವನ ಕಣ್ಣು ತಿಳಿಯಾಯ್ತು. ಕೆಮ್ಮು ಪೂರ್ತಿ ಹೋಗಲಿಲ್ಲ, ಈಗಲೂ ಚಳಿಗಾಲದಲ್ಲಿ ಔಷಧಿ ಎಳ್ಕೊಳ್ಳೋ ಪಂಪು ಬೇಕು.

ಹಾಂಗಾಗಿ ಈ ಪೆಟ್ಟಿಗೆ ಬಂದಾಗ ನಾನು ಹಾಕಿದ ಮೊದಲ ಷರತ್ತು, ಮನೆಯೊಳಗೆ ಇಡಲ್ಲ ಅಂತ. ಅಂಗಳದಾಚೆ ಶೀಟಿನ ಮಾಡಿನ ಕೆಳಗೆ, ಸಿಮೆಂಟ್ ಕಟ್ಟೆ ಮೇಲೆ, ಗೋಡೆಯಿಂದ ಎರಡು ಮೊಳ ಬಿಟ್ಟು ಇಟ್ಟಿದೀವಿ. ಮೊದಲು ಬಂದದ್ದು ಅಮೆರಿಕದ 110 ವೋಲ್ಟಿಂದು, ನಮ್ಮದು 230. ಮಾರಿದವರು ಬದಲಾಯಿಸಿ ಕೊಡೋಕೆ ಒಂದು ತಿಂಗಳು ಸತಾಯಿಸಿದ್ರು. ತಗೊಳ್ಳೋರು ಪ್ಲಗ್ಗಿನ ಹತ್ರ ಬರೆದದ್ದು ಓದಿ. ದೊಡ್ಡ ಪಿನ್ನಿನ ಪಾಯಿಂಟು, ಸರಿಯಾದ ಅರ್ಥಿಂಗು ಬೇಕೇ ಬೇಕು, ಮಳೇಲಿ ಒದ್ದೆ ಕೈಯಲ್ಲಿ ಮುಟ್ಟೋ ವಸ್ತು ಇದು.

ಒಳಗಿರೋದು ಹೆಚ್ಚೇನಿಲ್ಲ. ಕೆಳಗೆ ಕಾಯೋ ಸುರುಳಿ, ಅದರ ಮೇಲೆ ಚಕ್ಕೆ ಹಾಕೋ ತಟ್ಟೆ, ನೀರಿನ ಬೋಗುಣಿ, ಮೇಲೆ ತಂತಿ ಅರೆಗಳು. ಮೊದಲ ಸಲ ಮಾಂಸ ಇಡದೆ, ಅರೆಗಳಿಗೆ ಎಣ್ಣೆ ಸವರಿ ಮೂರು ಗಂಟೆ ಖಾಲಿ ಓಡಿಸಬೇಕು, ಕಾರ್ಖಾನೆ ಎಣ್ಣೆಯ ವಾಸನೆ ಹೋಗಕ್ಕೆ. ನಮ್ಮದು 800 ವಾಟ್, ಐದು ಗಂಟೆಗೆ ಹೆಚ್ಚಂದ್ರೆ ನಾಲ್ಕು ಯೂನಿಟ್. ಚಕ್ಕೆಗೆ ಪೇಟೆಯ ದುಬಾರಿ ಪೊಟ್ಟಣ ಯಾಕೆ, ಚಿಗುರು ಸವರಿದ ಕಾಫಿ ಗಿಡದ ಕೊಂಬೆ, ಸೀಬೆ ಕೊಂಬೆ ಒಣಗಿಸಿ ಚೂರು ಮಾಡಿದ್ರೆ ಸಾಕು. ಬಣ್ಣ ಬಳಿದ ಹಲಗೆ, ಪ್ಲೈವುಡ್ ಚೂರು ಮಾತ್ರ ಹಾಕಬಾರದು. 107 ಡಿಗ್ರಿಗೆ ಇಟ್ಟು, ಸೂಜಿ ಥರ್ಮಾಮೀಟರ್ ಚುಚ್ಚಿ ನೋಡಿದಾಗ ನಡುಭಾಗ ಹಂದಿಗೆ 71, ಕೋಳಿಗೆ 74 ಡಿಗ್ರಿ ಬರಲೇಬೇಕು. ಹೊರಗೆ ಕೆಂಪಾಯ್ತು ಅಂತ ತೆಗೀಬೇಡಿ. ಹಂದೀಲಿ ಲಾಡಿಹುಳದ ಮರಿ ಇರೋ ಸಾಧ್ಯತೆ ಇರ್ತದೆ.

ನಾನು ತಪ್ಪಿದ್ದು ಇಲ್ಲಲ್ಲ, ಆಮೇಲೆ. ಮೊದಲ ಸಲ ತುಂಡು ಚೆಂದ ಬಂತು, ಮನೆ ತುಂಬ ಹಳೇ ಅಟ್ಟದ ಪರಿಮಳ. ಅಜ್ಜಿ ಹಾಂಗೇ ದಾರದಲ್ಲಿ ಪೋಣಿಸಿ ಬಚ್ಚಲು ಒಲೆ ಹತ್ರ ನೇತಾಕಿದೆ. ನಾಲ್ಕನೇ ದಿನ ಲೋಳೆ ಬಂತು, ನಾಯಿಗೂ ಹಾಕದೆ ಹೂತೆ. ಎರಡು ಕೆ.ಜಿ. ಹಂದಿ. ಆಮೇಲೆ ಕೂತು ಯೋಚನೆ ಮಾಡಿದ್ಮೇಲೆ ಹೊಳೀತು. ಅಜ್ಜಿಯ ಮಾಂಸ ಉಳೀತಿದ್ದದ್ದು ಬರೀ ಹೊಗೆಯಿಂದಲ್ಲ. ಉಪ್ಪು ನೀರನ್ನ ಎಳೀತಿತ್ತು, ವಾರಗಟ್ಟಲೆ ಒಲೆ ಬಿಸಿ ಉಳಿದ ನೀರನ್ನ ಆರಿಸ್ತಿತ್ತು, ಹೊಗೆಯೊಳಗಿನ ಫೀನಾಲ್ ಕೊಬ್ಬು ಕಮಟಾಗದ ಹಾಂಗೆ ನೋಡ್ಕೊಳ್ತಿತ್ತು. ಮೂರೂ ಸೇರಬೇಕು. ಪೆಟ್ಟಿಗೆ ಐದು ಗಂಟೇಲಿ ಮಾಡೋದು ಅಡಿಗೆ, ಅದಕ್ಕೆ ಪರಿಮಳ ಬಂದಿರ್ತದೆ ಅಷ್ಟೆ. ಒಳಗೆ ನೀರು ಹಾಂಗೇ ಇರ್ತದೆ. ಅದನ್ನ ಫ್ರಿಜ್ಜಲ್ಲಿಟ್ಟು ಮೂರು ನಾಲ್ಕು ದಿನದಲ್ಲಿ ತಿನ್ನಬೇಕು, ಇಲ್ಲಾಂದ್ರೆ ಫ್ರೀಜರ್. ಮಧ್ಯದಲ್ಲಿ ಕರೆಂಟು ಹೋದ್ರೆ ಪೆಟ್ಟಿಗೆ ಬಾಗಿಲು ತೆಗೆದೂ ತೆಗೆದೂ ನೋಡಬೇಡಿ. ಅರ್ಧ ಗಂಟೇಲಿ ಬರದಿದ್ರೆ ತುಂಡು ತೆಗೆದು ಒಲೆ ಮೇಲೆ ಬೇಯಿಸಿಬಿಡಿ. ನಮ್ಮಲ್ಲಿ ಜೂನಿಂದ ಸೆಪ್ಟೆಂಬರ್ ಇದು ದಿನಾ ಇರೋ ಕಥೆ.

ಹೋದ ವಾರ ಅವ್ವನ್ನ ಕರೆಸಿದ್ದೆ. ಜಗಲೀಲಿ ಕೂರಿಸಿ, ಗಾಳಿ ಆಚೆ ಕಡೆ ಬೀಸ್ತಿದೆಯಾ ಅಂತ ನೋಡ್ಕೊಂಡೇ ಸ್ವಿಚ್ ಹಾಕಿದ್ದು. ಸಂಜೆ ಕಡುಬಿನ ಜೊತೆ ಎರಡು ತುಂಡು ತಿಂದ್ರು. ಉಪ್ಪು ಕಮ್ಮಿ ಅಂದ್ರು, ಅದು ಯಾವಾಗ್ಲೂ ಹೇಳೋದೇ. ಆಮೇಲೆ ಎದ್ದು ಹೋಗಿ ಪೆಟ್ಟಿಗೆ ಬಾಗಿಲು ತೆಗೆದು, ಅರೆ ಎಳೆದು, ಬಗ್ಗಿ ಮೂಸಿ ನೋಡಿ ಕೇಳಿದ್ರು: "ಇದರ ಬಿಸಿ ತೀರಾ ಕಮ್ಮಿ ಮಾಡಕ್ಕಾಗ್ತದಾ? ಆದ್ರೆ ಬರೋ ಮಳೆಗೆ ನಾಲ್ಕು ಸೇರು ಉಪ್ಪಾಗೆ ಕಳಿಸ್ತೀನಿ."